ನಮ್ಮ ಧರೆಯ ಮರದ ಗೋಡೆ

(ಬಾನುಲಿ ಭಾಷಣ)

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದ ಹಿರಿಯರು ಬಯಲುಸೀಮೆಯವರಾಗಿದ್ದಿರಬೇಕು. ಮಲೆನಾಡಿನವರಾಗಿದ್ದರೆ, ಧರೆಗೆ ಗೋಡೆ ಕಟ್ಟಿ ನೋಡು ಎಂಬ ಮೂರನೆಯ ಮಾತನ್ನು ಸೇರಿಸದೆ ಬಿಡುತ್ತಿರಲಿಲ್ಲ. ಗುಡ್ಡದ ಇಳಿಜಾರನ್ನು ಕಡಿದು ಅಂಗಳ ಮಾಡಿದಾಗ ಹಿಂದೆ ಎದ್ದು ನಿಲ್ಲುವ ಕಡಿದಾದ ಮಣ್ಣಿನ ಮೈಗೆ ನಮ್ಮ ಕಡೆ ಧರೆ ಎನ್ನುತ್ತಾರೆ. ಮಲೆನಾಡಿನ ಮನೆಗಳಲ್ಲಿ ಅರ್ಧಕ್ಕರ್ಧ ಒಂದು ಧರೆಯ ಕೆಳಗೋ ಇನ್ನೊಂದು ಧರೆಯ ಮೇಲೋ ಇರುವಂಥವು. ನಮ್ಮ ಮನೆಯ ಧರೆಯ ಮೇಲೆ ನೆರೆಯವರ ಮನೆ ಇದೆ. ಇವೆರಡರ ನಡುವೆ ಇದ್ದದ್ದು ಮರದ ಒಂದು ಗೋಡೆ. ಆ ಗೋಡೆ ವಾಲಿದ ಕಥೆಯನ್ನೂ, ಅದನ್ನು ನಿಲ್ಲಿಸಿದ ಬಗೆಯನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ಬಂದಿದ್ದೇನೆ.

ನಮ್ಮೂರು ಸಕಲೇಶಪುರ. ಹಾಸನದಿಂದ ಮಂಗಳೂರಿಗೆ ಹೋಗುವ ಮೀಟರ್‌ಗೇಜ್ ರೈಲುದಾರಿಯನ್ನು 1996ರಲ್ಲಿ ಬ್ರಾಡ್‌ಗೇಜ್ ಮಾಡುವುದಕ್ಕಾಗಿ ಮುಚ್ಚಿದರು. ಅಲ್ಲಲ್ಲಿ ಹಳಿ ಕಿತ್ತ ಆ ದಿನಗಳಲ್ಲಿ ಹಳೆಯ ಮರದ ಸ್ಲೀಪರುಗಳು ಅಗ್ಗವಾಗಿ ಕೈಗೆ ಬರುತ್ತಿದ್ದವು. ಮರುವರ್ಷ ಮನೆ ಕಟ್ಟಿಸಿದ ನಮ್ಮ ತಂದೆಯವರು ಒಂದು ಲಾರಿ ಸ್ಲೀಪರುಗಳನ್ನು ತರಿಸಿ, ಹಿತ್ತಿಲ ಧರೆಗೆ ಮೂವತ್ತಾರು ಅಡಿ ಉದ್ದಕ್ಕೆ ಗೋಡೆ ಎಬ್ಬಿಸಿದರು. ಮೀಟರ್‌ಗೇಜ್ ಸ್ಲೀಪರು ಆರು ಅಡಿ ಉದ್ದ, ಎಂಟು ಅಂಗುಲ ಅಗಲ, ನಾಲ್ಕೂವರೆ ಅಂಗುಲ ದಪ್ಪ. ಆರಾರು ಅಡಿಗೆ ಒಂದರಂತೆ ಏಳು ಸ್ಲೀಪರುಗಳನ್ನು ಕಂಬಗಳಾಗಿ ನೆಟ್ಟು, ಅವುಗಳ ಹಿಂದೆ ಒಂದರ ಮೇಲೊಂದರಂತೆ ಏಳು ಸಾಲು ಅಡ್ಡಕ್ಕೆ ಜೋಡಿಸಿದ ಗೋಡೆ ಅದು. ಎತ್ತರ ನಾಲ್ಕು ಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ. ರೈಲನ್ನೇ ಹೊತ್ತ ಮರ, ನಮ್ಮ ಮಣ್ಣನ್ನು ಹೊರಲಾರದೇ ಎಂದು ತಂದೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಇಪ್ಪತ್ತು ವರ್ಷ ಅವರ ಮಾತು ಸುಳ್ಳಾಗಲಿಲ್ಲ.

2018ರ ಆಗಸ್ಟ್ ತಿಂಗಳ ಆಶ್ಲೇಷ ಮಳೆಯನ್ನು ಕೊಡಗಿನವರೂ ನಾವೂ ಮರೆಯುವಂತಿಲ್ಲ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೂ ರೈಲೂ ನಿಂತಿದ್ದವು. ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದಾಗ ಗೋಡೆಯ ನಡುಭಾಗ ಹೊಟ್ಟೆ ಮುಂದುಮಾಡಿಕೊಂಡು ನಿಂತಂತೆ ಕಂಡಿತು. ತೂಗುಗುಂಡು ಬಿಟ್ಟು ಅಳೆದೆ. ತಲೆಯು ಬುಡಕ್ಕಿಂತ ಏಳು ಅಂಗುಲ ಮುಂದಕ್ಕೆ ಬಂದಿತ್ತು. ಮೇಲೆ ನೆರೆಯವರ ನೆಲದಲ್ಲಿ, ಅಂಚಿನಿಂದ ಎರಡೂವರೆ ಅಡಿ ಒಳಗೆ, ಬೆರಳು ತೂರುವಷ್ಟು ಬಿರುಕು ಉದ್ದಕ್ಕೂ ಓಡಿತ್ತು. ಗೋಡೆಯ ಕೆಳಗೆ ನನ್ನ ಮೊಮ್ಮಗ ಆಡುವ ಅಂಗಳ. ಮೇಲೆ ಆ ಬಿರುಕಿಗೆ ಹತ್ತು ಅಡಿ ದೂರದಲ್ಲಿ ನೆರೆಯವರ ವೃದ್ಧ ತಾಯಿ ಮಲಗುವ ಕೋಣೆ.

ಮೇಲುಮನೆಯವರಿಗೂ ನಮಗೂ ಆಗ ನಾಲ್ಕು ವರ್ಷಗಳಿಂದ ಮಾತು ಬಿಟ್ಟುಹೋಗಿತ್ತು. ಅವರು ಧರೆಯ ಅಂಚಿನಿಂದ ಮೂರೇ ಅಡಿ ದೂರಕ್ಕೆ ಒಂದು ಸಾವಿರ ಲೀಟರಿನ ನೀರಿನ ತೊಟ್ಟಿ ಇರಿಸಿದ್ದರು. ಬಚ್ಚಲಿನ ನೀರೂ ಅಲ್ಲಿಯೇ ಇಂಗುತ್ತಿತ್ತು. ಅದನ್ನು ಕುರಿತು ನಾನು ಆಡಿದ ಒಂದು ಒರಟು ಮಾತಿನಿಂದ ವ್ಯವಹಾರ ಕೆಟ್ಟಿತ್ತು. ಗೋಡೆ ವಾಲಿದ ದಿನ ನನಗೆ ಮೊದಲು ಬಂದದ್ದು ಭಯವಲ್ಲ, ನಾನು ಹೇಳಿದ್ದೇ ನಿಜವಾಯಿತೆಂಬ ಒಂದು ಬಗೆಯ ಕೆಟ್ಟ ತೃಪ್ತಿ ಎಂಬುದನ್ನು ಇಂದು ಒಪ್ಪಿಕೊಳ್ಳಬೇಕು.

ಕರೆಸಿದ ಗುತ್ತಿಗೆದಾರರೊಬ್ಬರು, ಗೋಡೆಯ ಮುಂದೆ ನಾಲ್ಕು ಅಂಗುಲ ಕಾಂಕ್ರೀಟು ಹಾಕಿ ಸಂದುಗಳನ್ನೆಲ್ಲ ಮುಚ್ಚಿಬಿಡೋಣ, ಎಂದೆಂದಿಗೂ ಚಿಂತೆಯಿಲ್ಲ ಎಂದರು. ಪುಣ್ಯಕ್ಕೆ, ಒಪ್ಪುವ ಮೊದಲು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ನನ್ನ ಎಂಜಿನಿಯರ್ ಮಿತ್ರರನ್ನು ಕೇಳಿದೆ. "ಗೋಡೆಯನ್ನು ದೂಡುತ್ತಿರುವುದು ಮಣ್ಣಿಗಿಂತ ಹೆಚ್ಚಾಗಿ ನೀರು. ಅದು ಹೊರಬರುವ ಸಂದುಗಳನ್ನೇ ಮುಚ್ಚುತ್ತೀರಾ?" ಎಂದು ಅವರು ನಕ್ಕರು. ಅಂದು ಸಂಜೆ ಒಂದು ಕಾಗದದ ಮೇಲೆ ಅವರು ತಿಳಿಸಿಕೊಟ್ಟ ಲೆಕ್ಕ ನನಗೆ ಈಗಲೂ ಬಾಯಿಪಾಠ.

ಮಣ್ಣು ಗೋಡೆಯನ್ನು ಎಷ್ಟು ಬಲದಿಂದ ಒತ್ತುತ್ತದೆ ಎಂಬುದನ್ನು ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬ್ 1776ರಲ್ಲಿ ಪ್ರಕಟವಾದ ಲೇಖನದಲ್ಲಿ ಲೆಕ್ಕಹಾಕಿ ತೋರಿಸಿದ. 1857ರಲ್ಲಿ ಸ್ಕಾಟ್ಲೆಂಡಿನ ರ‍್ಯಾಂಕಿನ್ ಅದನ್ನು ಬೇರೊಂದು ಹಾದಿಯಿಂದ ಸುಲಭಗೊಳಿಸಿದ. ಸಾಧಾರಣ ಮಣ್ಣು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟನ್ನು ಅಡ್ಡಕ್ಕೆ ಒತ್ತುತ್ತದೆ. ಒಂದು ಘನಮೀಟರ್ ಮಣ್ಣು ಸುಮಾರು 1800 ಕಿಲೋ ತೂಗುವುದಾದರೆ, ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ 600 ಕಿಲೋ ಒತ್ತಡ. ಅದೇ ಮಣ್ಣಿನಲ್ಲಿ ನೀರು ತುಂಬಿ ನಿಂತಿತೆನ್ನಿ. ಮಣ್ಣು ನೀರಿನಲ್ಲಿ ತೇಲುವಂತಾಗಿ ಅದರ ಪಾಲಿನ ಒತ್ತಡ 300ರ ಆಸುಪಾಸಿಗೆ ಇಳಿಯುತ್ತದೆ. ಆದರೆ ನೀರು ಮಣ್ಣಿನಂತೆ ಮೂರನೆಯ ಒಂದು ಪಾಲಿಗೆ ತೃಪ್ತಿಪಡುವುದಿಲ್ಲ. ತನ್ನ ಪೂರ್ಣ 1000 ಕಿಲೋವನ್ನೂ ಅಡ್ಡಕ್ಕೆ ಒತ್ತುತ್ತದೆ. ಎರಡೂ ಸೇರಿ 1300. ಎಂದರೆ ಬೇಸಗೆಯಲ್ಲಿ ಹೊರುವ ಭಾರದ ಎರಡರಷ್ಟಕ್ಕೂ ಮಿಗಿಲಾದುದನ್ನು ಗೋಡೆ ಮಳೆಗಾಲದಲ್ಲಿ ಹೊರಬೇಕು. ಇನ್ನೊಂದು ಮಾತು. ಗೋಡೆಯನ್ನು ಬುಡಮೇಲು ಮಾಡುವ ಬಲ ಎತ್ತರದ ಘನದಂತೆ ಬೆಳೆಯುತ್ತದೆ. ನಾಲ್ಕು ಅಡಿಯ ಗೋಡೆಯನ್ನು ಎಂಟು ಅಡಿಗೆ ಏರಿಸಿದರೆ ಅಪಾಯ ಇಮ್ಮಡಿಯಲ್ಲ, ಎಂಟು ಮಡಿ.

ಇದನ್ನೆಲ್ಲ ಕೇಳಿ, ಮೇಲುಮನೆಯವರ ತೊಟ್ಟಿಯ ಮೇಲೆ ಅಪರಾಧವನ್ನೆಲ್ಲ ಹೊರಿಸಲು ನನಗೆ ಅಂಕಿ ಅಂಶಗಳೇ ಸಿಕ್ಕಂತಾಯಿತು. ಆದರೆ ಮಿತ್ರರು, ಮೊದಲು ಕಂಬದ ಬುಡ ನೋಡೋಣ ಎಂದರು. ಗೋಡೆಗೆ ಓರೆಯಾಗಿ ತೊಲೆಗಳ ಒತ್ತುಗಂಬ ಕೊಟ್ಟು, ಮೇಲಿನ ಬಿರುಕಿನೊಳಕ್ಕೆ ನೀರು ಹೋಗದಂತೆ ಟಾರ್ಪಾಲು ಹೊದಿಸಿ, ಮಳೆಗಾಲ ಕಳೆಯುವವರೆಗೆ ಕಾದೆವು. ಮಳೆ ನಿಂತ ಮೇಲೆ ಒಂದೇ ಒಂದು ಕಂಬದ ಬುಡವನ್ನು ಅರ್ಧ ಅಡಿ ಬಿಡಿಸಿದೆವು. ತಿರುಪುಳಿ ಒತ್ತಿದರೆ ಬೆಣ್ಣೆಯೊಳಕ್ಕೆ ಇಳಿದಂತೆ ಎರಡು ಅಂಗುಲ ಇಳಿಯಿತು. ಸುತ್ತಿಗೆಯಿಂದ ತಟ್ಟಿದರೆ ಮೇಲೆ ಗಟ್ಟಿ ನಾದ, ಬುಡದಲ್ಲಿ ಒದ್ದೆ ಹಲಗೆಯ ಸದ್ದು. ಅದಕ್ಕಿಂತ ಹೆಚ್ಚಿನದು ಇನ್ನೂ ಕಾದಿತ್ತು. ಕಂಬ ನೆಲದೊಳಗೆ ಇದ್ದುದು ಬರೀ ಒಂದೂಕಾಲು ಅಡಿ. ಆರು ಅಡಿಯ ಸ್ಲೀಪರಿನಲ್ಲಿ ನಾಲ್ಕು ಮುಕ್ಕಾಲು ಅಡಿ ಗೋಡೆಗೆ ಹೋದರೆ ಉಳಿಯುವುದು ಅಷ್ಟೇ ತಾನೆ! ನೆಲದ ಮೇಲೆ ಇರುವ ಎತ್ತರದ ಅರ್ಧದಷ್ಟಾದರೂ, ಮೆತ್ತನೆಯ ಮಣ್ಣಾದರೆ ಸರಿಸಮನಾಗಿ, ಕಂಬ ನೆಲದೊಳಗಿರಬೇಕು ಎಂದು ಮಿತ್ರರು ಹೇಳಿದರು. ತಂದೆಯವರ ಗೋಡೆ ಹುಟ್ಟಿದ ದಿನದಿಂದಲೇ ಗಿಡ್ಡಗಾಲಿನದು. ತೊಟ್ಟಿ ಬಂದದ್ದು ಹನ್ನೆರಡು ವರ್ಷಗಳ ಅನಂತರ.

ಮರ ಕೊಳೆಯುವುದಕ್ಕೂ ಒಂದು ನ್ಯಾಯವಿದೆ. ಕೊಳೆಸುವ ಶಿಲೀಂಧ್ರಕ್ಕೆ ಗಾಳಿಯೂ ಬೇಕು, ತೇವವೂ ಬೇಕು. ಮರದ ತೇವಾಂಶ ನೂರಕ್ಕೆ ಇಪ್ಪತ್ತರ ಒಳಗಿದ್ದರೆ ಅದು ಬೆಳೆಯಲಾರದು. ಸದಾ ನೀರಿನಲ್ಲಿ ಮುಳುಗಿರುವ ಮರದಲ್ಲಿ ಗಾಳಿಯಿಲ್ಲದೆ ಬೆಳೆಯಲಾರದು. ಎರಡೂ ಕೂಡಿಬರುವ ಜಾಗವೆಂದರೆ ನೆಲಮಟ್ಟದ ಆಚೀಚಿನ ಒಂದು ಗೇಣು. ಬೇಲಿಗೂಟ ಯಾವಾಗಲೂ ಅಲ್ಲಿಯೇ ಮುರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಗೋಡೆಯನ್ನು ಅತಿ ಹೆಚ್ಚು ಬಾಗಿಸುವ ಒತ್ತಡ ಬೀಳುವುದೂ ಹೆಚ್ಚುಕಡಿಮೆ ಅಲ್ಲಿಯೇ. ಸ್ಲೀಪರುಗಳಿಗೆ ಕ್ರಿಯೋಸೋಟ್ ಎಣ್ಣೆಯನ್ನು ಒತ್ತಡದಿಂದ ಕುಡಿಸುವ ಕ್ರಮವನ್ನು ಇಂಗ್ಲೆಂಡಿನ ಬೆಥೆಲ್ 1838ರಲ್ಲಿ ತಂದ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಕೂಡಿಸಿ ಮರಕ್ಕೆ ಉಣಿಸುವ ಆಸ್ಕು ಎಂಬ ಕ್ರಮವನ್ನು ಕಂಡುಹಿಡಿದವರು ನಮ್ಮವರೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು. ಅದು ಜಗತ್ತೆಲ್ಲ ಹಬ್ಬಿತು. ಆರ್ಸೆನಿಕ್ಕಿನ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ಬಿಟ್ಟರು. ಔಷಧ ಯಾವುದಾದರೂ ಹೊರಮೈಯಲ್ಲಿ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಗರಗಸ ಹಾಕಿದ ತುದಿಗೆ, ತೂತು ಕೊರೆದ ಬಾಯಿಗೆ ಮತ್ತೆ ಬಳಿಯದಿದ್ದರೆ ಶಿಲೀಂಧ್ರಕ್ಕೂ ಗೆದ್ದಲಿಗೂ ಅದೇ ಹೆಬ್ಬಾಗಿಲು. ನಮ್ಮ ಸ್ಲೀಪರುಗಳಿಗೋ, ರೈಲ್ವೆಯವರು ಮೊಳೆ ಹೊಡೆದ ತೂತುಗಳು ಮೊದಲೇ ಇದ್ದವು.

ದುರಸ್ತಿಗೆ ಗೋಡೆಯ ಹಿಂದಿನ ಮಣ್ಣು ತೆಗೆಯಬೇಕು. ಆ ಮಣ್ಣು ನೆರೆಯವರದು. ಇಷ್ಟಾದ ಮೇಲೆ ಮೇಲಕ್ಕೆ ಹತ್ತಿಹೋಗದೆ ವಿಧಿಯಿರಲಿಲ್ಲ. ಹೋಗುವ ಮೊದಲು ಪರಿಚಯದ ವಕೀಲರನ್ನು ಕಂಡೆ. 1882ರ ಈಸ್‌ಮೆಂಟ್ ಕಾಯಿದೆಯ ಏಳನೆಯ ಪ್ರಕರಣದ ತತ್ತ್ವವನ್ನು ಅವರು ಓದಿ ಹೇಳಿದರು. ಸಹಜ ಸ್ಥಿತಿಯಲ್ಲಿರುವ ಪ್ರತಿಯೊಂದು ನೆಲಕ್ಕೂ ಪಕ್ಕದ ನೆಲದಿಂದ ಆಧಾರ ಪಡೆಯುವ ಹಕ್ಕಿದೆ. ಗುಡ್ಡ ಕಡಿದು ಆ ಆಧಾರವನ್ನು ತೆಗೆದವರು ಯಾರು? ನಮ್ಮ ತಂದೆ. ಹಾಗಾದರೆ ಹಿಡಿದು ನಿಲ್ಲಿಸುವ ಹೊಣೆ ನಮ್ಮದೇ. ಆ ಹಕ್ಕು ಸಹಜ ನೆಲಕ್ಕೆ ಮಾತ್ರ, ಕೃತಕ ಭಾರ ಹೇರಿದ ನೆಲಕ್ಕೆ ತಾನಾಗಿ ಬರುವುದಿಲ್ಲ ಎಂಬುದು ಅದರ ಮುಂದಿನ ಮಾತು. ತೊಟ್ಟಿಗೆ ಅದು ಉತ್ತರ. ತಕ್ಕಡಿಯ ಎರಡು ತಟ್ಟೆಯಲ್ಲಿಯೂ ಕಲ್ಲಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹೋದೆ. ಸಿದ್ಧಮಾಡಿಕೊಂಡಿದ್ದ ವಾದಗಳಾವುವೂ ಬೇಕಾಗಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಒಂದು ಚಾಪೆ, ಹಾಸಿಗೆ ಸುತ್ತಿಟ್ಟಿದ್ದುದು ಕಣ್ಣಿಗೆ ಬಿತ್ತು. ಆಗಸ್ಟಿನಿಂದ ಆ ವೃದ್ಧ ತಾಯಿ ತಮ್ಮ ಕೋಣೆಯಲ್ಲಿ ಮಲಗಿರಲಿಲ್ಲ. ಮೂರು ತಿಂಗಳು ಒಲೆಯ ಪಕ್ಕದಲ್ಲಿ ಮಲಗಿದ್ದರು. ನಾನು ಕೆಳಗಿನಿಂದ ಅವರ ತೊಟ್ಟಿಯನ್ನು ನೋಡಿ ಸಿಡುಕುತ್ತಿದ್ದ ರಾತ್ರಿಗಳಲ್ಲೆಲ್ಲ ಅವರು ನಮ್ಮ ಗೋಡೆಗೆ ಹೆದರಿ ಎಚ್ಚರವಾಗಿದ್ದರು. "ನಮ್ಮ ತಂದೆಯವರು ಕಂಬವನ್ನು ಸಾಕಷ್ಟು ಆಳ ನೆಟ್ಟಿರಲಿಲ್ಲ" ಎಂದೆ. ಬಾಯಿಂದ ಬಂದ ಮೊದಲ ವಾಕ್ಯ ಅದೇ. ನೆರೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೊಟ್ಟಿಯನ್ನು ಆಚೆಗೆ ಸರಿಸುತ್ತೇನೆ" ಎಂದರು. ಆ ತಾಯಿ ಕಾಫಿ ತಂದಿಟ್ಟರು.

ಕೆಲಸ 2019ರ ಜನವರಿಯಲ್ಲಿ ನಡೆಯಿತು. ಅದರ ಕ್ರಮವನ್ನು ಹೇಳುತ್ತೇನೆ. ಇಂಥ ಗೋಡೆಯುಳ್ಳ ಕೇಳುಗರಿಗೆ ಉಪಯೋಗವಾದೀತು. ಮೊದಲನೆಯದು, ಭಾರ ಇಳಿಸುವುದು. ಒತ್ತುಗಂಬ ತೆಗೆಯದೆ, ಗೋಡೆಯ ಹಿಂದಿನ ಮಣ್ಣನ್ನು ಮೇಲಿನಿಂದ ಕೆಳಕ್ಕೆ ತೆಗೆದೆವು. ಅದೂ ಮೂವತ್ತಾರು ಅಡಿಯನ್ನು ಒಮ್ಮೆಗೇ ಅಲ್ಲ, ಒಂದು ಅಂಕಣ ಬಿಟ್ಟು ಒಂದು. ಮಣ್ಣು ಹೊತ್ತಿರುವಾಗ ಗೋಡೆಯನ್ನು ಹಿಂದಕ್ಕೆ ಎಳೆಯಲು ಹೋಗುವುದೂ, ಬುಡದ ಮುಂದೆ ಅಗೆಯುವುದೂ ಆತ್ಮಹತ್ಯೆಗೆ ಸಮಾನ. ಭಾರ ಇಳಿದ ಮೇಲೆ ಸರಪಣಿ ರಾಟೆಯಿಂದ ಮೆಲ್ಲನೆ ಎಳೆದಾಗ ವಾಲಿದ ಭಾಗ ಹಿಂದಕ್ಕೆ ಬಂತು.

ಎರಡನೆಯದು ಕಂಬ. ಬ್ರಾಡ್‌ಗೇಜ್ ಸ್ಲೀಪರು ಒಂಬತ್ತು ಅಡಿ ಉದ್ದ. ಅವನ್ನು ನಾಲ್ಕೂಕಾಲು ಅಡಿ ಆಳಕ್ಕೆ ಇಳಿಸಿದೆವು. ಹಳೆಯ ಏಳರ ಜಾಗದಲ್ಲಿ ಏಳು, ಪ್ರತಿ ಅಂಕಣದ ನಡುವೆ ಒಂದರಂತೆ ಇನ್ನಾರು. ಆರು ಅಡಿಯ ಅಂತರ ಮೂರು ಅಡಿಯಾಯಿತು. ಅಂತರ ಅರ್ಧವಾದರೆ ಅಡ್ಡಮರದ ಮೇಲಿನ ಬಾಗಿಸುವ ಬಲ ಕಾಲುಭಾಗಕ್ಕೆ ಇಳಿಯುತ್ತದೆಂಬುದು ಲೆಕ್ಕ. ಆದುದರಿಂದ ಹಳೆಯ ಅಡ್ಡಮರಗಳಲ್ಲಿ ಗಟ್ಟಿಯಾದುವೆಲ್ಲ ಉಳಿದುಕೊಂಡುವು. ಕಂಬಗಳನ್ನು ಅಡಿಗೆ ಒಂದು ಅಂಗುಲದಂತೆ ಗುಡ್ಡದ ಕಡೆಗೆ ಒರಗಿಸಿ ನೆಟ್ಟು, ಕುಳಿಯ ತಳಕ್ಕೆ ನೀರು ಬಸಿಯುವಂತೆ ಜಲ್ಲಿ ಹಾಕಿದೆವು.

ಮೂರನೆಯದು ನೀರಿನ ದಾರಿ. ಗೋಡೆಯ ಹಿಂದೆ ಒಂದು ಅಡಿ ಅಗಲಕ್ಕೆ ತಳದಿಂದ ಮೇಲಿನವರೆಗೆ ಜಲ್ಲಿ. ತಳದಲ್ಲಿ ತೂತುಗಳುಳ್ಳ ಕೊಳವೆ, ಒಂದು ಪಕ್ಕಕ್ಕೆ ಇಳಿಜಾರಾಗಿ. ಜಲ್ಲಿಗೂ ಮಣ್ಣಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಮೇಲೆ ಅರ್ಧ ಅಡಿ ಜೇಡಿಮಣ್ಣಿನ ಮುಚ್ಚಳ. ಅದರಿಂದಾಚೆಗೆ ಮಳೆನೀರನ್ನೂ ಬಚ್ಚಲ ನೀರನ್ನೂ ಬೇರೆಡೆಗೆ ಒಯ್ಯುವ ಬಸಿಗಾಲುವೆ.

ನಾಲ್ಕನೆಯದು ಲಂಗರು. ಒಂದು ಕಂಬ ಬಿಟ್ಟು ಒಂದಕ್ಕೆ, ಗೋಡೆಯ ಮೇಲಿನ ಮೂರನೆಯ ಒಂದು ಭಾಗದಲ್ಲಿ, ಸತುವಿನ ಲೇಪವಿರುವ ಹದಿನಾರು ಮಿಲಿಮೀಟರ್ ಸರಳನ್ನು ತೂರಿಸಿ, ಒಂಬತ್ತು ಅಡಿ ಹಿಂದೆ ಹೂತ ಅಡ್ಡಮರಕ್ಕೆ ಬಿಗಿದೆವು. ಜರಿಯುವ ಮಣ್ಣು ಬೆಣೆಯಾಕಾರದಲ್ಲಿ ಜರಿಯುತ್ತದೆ. ನಮ್ಮ ಎತ್ತರಕ್ಕೆ ಆ ಬೆಣೆ ಮೇಲ್ಭಾಗದಲ್ಲಿ ಎರಡೂಮುಕ್ಕಾಲು ಅಡಿ ಅಗಲ. ಹಿಂದೆ ಕಂಡ ಬಿರುಕು ಹೆಚ್ಚುಕಡಿಮೆ ಅಲ್ಲಿಯೇ ಬಂದಿತ್ತು! ಲಂಗರು ಆ ಬೆಣೆಯೊಳಗೇ ಇದ್ದರೆ ಅದೂ ಗೋಡೆಯ ಜೊತೆಗೆ ಜಾರುತ್ತದೆ. ಆದುದರಿಂದ ಅದು ಅಲ್ಲಾಡದ ನೆಲದಲ್ಲಿರಬೇಕು. ಆ ಅಲ್ಲಾಡದ ನೆಲ ನಮ್ಮ ನೆರೆಯವರದು. ನನ್ನ ಗೋಡೆಯನ್ನು ಈಗ ಹಿಡಿದಿರುವ ಮರ ಅವರ ತಾಯಿಯ ಕೋಣೆಯ ಮುಂದೆ ನೆಲದೊಳಗಿದೆ.

ಕಂಬ, ಕೂಲಿ ನನ್ನದು. ತೊಟ್ಟಿ ಸರಿಸುವುದೂ ಬಸಿಗಾಲುವೆಯೂ ಅವರದು. ಸರಳುಗಳ ಬೆಲೆ ಸಮಪಾಲು. ಲಂಗರುಗಳಿರುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ಅಗೆಯಬಾರದೆಂದೂ, ಕೊಳವೆಯ ಬಾಯಿಯನ್ನು ನಾನು ವರ್ಷಕ್ಕೊಮ್ಮೆ ಬಿಡಿಸಬೇಕೆಂದೂ ಛಾಪಾಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ವಿಶ್ವಾಸವಿದ್ದ ಮೇಲೆ ಕಾಗದವೇಕೆ ಎಂದು ಕೆಲವರು ಕೇಳಿದರು. ನಮ್ಮಿಬ್ಬರ ವಿಶ್ವಾಸ ನಮ್ಮ ಮಕ್ಕಳಿಗೆ ತಾನಾಗಿ ಬರುವುದಿಲ್ಲ, ಲಂಗರು ಮಾತ್ರ ಬರುತ್ತದೆ. ಕೊಳೆತ ಸ್ಲೀಪರುಗಳನ್ನು ಬಚ್ಚಲೊಲೆಗೆ ಹಾಕಲು ಮನೆಯವರು ಕೇಳಿದಾಗ ಬೇಡವೆಂದೆ. ಕ್ರಿಯೋಸೋಟ್ ಕುಡಿದ ಮರದ ಹೊಗೆ ವಿಷ. ಅದನ್ನು ಬಾವಿಯ ಪಕ್ಕದಲ್ಲಿ, ತರಕಾರಿ ಪಾತಿಯ ಅಂಚಿಗೆ ಇಡುವುದೂ ಸಲ್ಲದು.

ಧರೆಯ ಅಂಚಿನಲ್ಲಿ ನೆರೆಯವರು ಲಾವಂಚ ನೆಟ್ಟಿದ್ದಾರೆ. ಅದರ ಬೇರು ನೇರವಾಗಿ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. 2019ರ ಆಗಸ್ಟಿನ ಮಳೆಯಲ್ಲಿಯೂ, ಘಾಟಿಯ ರೈಲುದಾರಿ ಮತ್ತೆ ಕುಸಿದ 2024ರ ಜುಲೈ ಮಳೆಯಲ್ಲಿಯೂ ನಾನು ತೂಗುಗುಂಡು ಹಿಡಿದು ಹಿತ್ತಿಲಿಗೆ ಹೋದೆ. ಮೊದಲ ವರ್ಷ ಗೋಡೆ ಅರ್ಧ ಅಂಗುಲ ಸರಿದು ಕುಳಿತುಕೊಂಡಿತು. ಆಮೇಲೆ ಕದಲಿಲ್ಲ. ಕೊಳವೆಯ ಬಾಯಿಯಿಂದ ನೀರು ಕೈಬೆರಳಿನ ದಪ್ಪಕ್ಕೆ ಬೀಳುತ್ತಿತ್ತು. ಅಷ್ಟು ನೀರು ಮೊದಲು ಗೋಡೆಯ ಹಿಂದೆ ನಿಂತಿರುತ್ತಿತ್ತಲ್ಲವೆ?

ಮರ ಶಾಶ್ವತವಲ್ಲ. ಈ ಕಂಬಗಳೂ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಕೊಳೆತಾವು. ಆಗ ನಾನಿರುವುದಿಲ್ಲ. ತಮ್ಮ ಹಿತ್ತಿಲಲ್ಲಿ ಇಂಥ ಗೋಡೆಯಿದ್ದರೆ ಮಳೆಗಾಲಕ್ಕೆ ಮುನ್ನ ತಿರುಪುಳಿಯಿಂದ ಬುಡವನ್ನೊಮ್ಮೆ ಚುಚ್ಚಿ ನೋಡಿ. ನಾಲ್ಕು ಅಡಿ ಮೀರಿದ್ದರೆ ಎಂಜಿನಿಯರನ್ನು ಕೇಳದೆ ಕೈಹಚ್ಚಬೇಡಿ. ಗೋಡೆ ವಾಲಿದ್ದರೆ ಮೊದಲು ಮೇಲುಮನೆಗೋ ಕೆಳಮನೆಗೋ ಹೋಗಿ ಬನ್ನಿ. ನಮ್ಮ ಮೇಲುಮನೆಯ ತಾಯಿಗೆ ಈಗ ಎಂಬತ್ತೇಳು. ತಮ್ಮ ಕೋಣೆಯಲ್ಲಿಯೇ ಮಲಗುತ್ತಾರೆ.