ನೆಲ ಅಗೆಯದೆ ಒಳಗಿನ ಕಲ್ಲನ್ನು ತಿಳಿಯುವ ಬಗೆ

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬಾವಿಯ ಮಾತು ಬಂದಾಗಲೆಲ್ಲ ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: “ಇಲ್ಲಿ ಕೊರೆದರೆ ನೀರು ಬಂದೀತೇ?” ಕೊರೆಸಲು ಸಾಲ ತರಬೇಕು. ನೀರು ಬಂದರೆ ಸಾಲ ತೀರೀತು. ಬರದಿದ್ದರೆ ತೂತೂ ಉಳಿಯಿತು, ಸಾಲವೂ ಉಳಿಯಿತು. ಒಂದೇ ಹೊಲದಲ್ಲಿ ಮೂರು ನಾಲ್ಕು ಬೋರು ಕೊರೆಸಿ ಕೈಸೋತವರು ನಮ್ಮ ನಡುವೆ ಕಡಿಮೆಯಿಲ್ಲ. ಆದ್ದರಿಂದ ಕೊರೆಯುವ ಮೊದಲೇ ನೆಲದೊಳಗಿನ ಕಲ್ಲಿನ ಸ್ವರೂಪವನ್ನು ತಿಳಿಯಲು ಇರುವ ಎರಡು ವಿಧಾನಗಳನ್ನು ಕುರಿತು ಈ ದಿನ ನಾಲ್ಕು ಮಾತು ಹೇಳುತ್ತೇನೆ. ಒಂದು, ಭೂಮಿಯ ಸೆಳೆತವನ್ನು ಅಳೆಯುವುದು. ಇನ್ನೊಂದು, ಭೂಮಿಯ ಕಾಂತಬಲವನ್ನು ಅಳೆಯುವುದು.

ಮೊದಲೇ ಒಂದು ವಿಷಯ ಸ್ಪಷ್ಟವಾಗಲಿ. ಈ ಎರಡು ಯಂತ್ರಗಳೂ ನೀರನ್ನು ಕಾಣುವುದಿಲ್ಲ. ಅವು ತಿಳಿಸುವುದು ಕಲ್ಲಿನ ವಿಚಾರವನ್ನು ಮಾತ್ರ. “ನನ್ನ ಯಂತ್ರ ಮುನ್ನೂರು ಅಡಿಯಲ್ಲಿ ನೀರು ಕಂಡಿದೆ” ಎಂದು ಯಾರಾದರೂ ಹೇಳಿದರೆ ಹಣದ ಚೀಲವನ್ನು ಬಿಚ್ಚುವ ಮೊದಲು ಈ ಮಾತನ್ನು ನೆನೆಯಿರಿ.

ತೂಕದಿಂದ ತಿಳಿಯುವುದು

ಒಂದೇ ಅಳತೆಯ ಎರಡು ಚೀಲಗಳಿವೆ. ಒಂದರಲ್ಲಿ ಹತ್ತಿ, ಇನ್ನೊಂದರಲ್ಲಿ ರಾಗಿ. ಬಾಯಿ ಬಿಚ್ಚದೆಯೇ ಎತ್ತಿ ನೋಡಿ ಯಾವುದರಲ್ಲಿ ಏನಿದೆಯೆಂದು ನೀವು ಹೇಳಬಲ್ಲಿರಿ. ಗುರುತ್ವ ಮಾಪನವೂ ಇಂಥದೇ ಉಪಾಯ. ಒಂದು ಘನ ಅಡಿ ಗ್ರಾನೈಟು ಕಲ್ಲು ಸುಮಾರು 75 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಕಪ್ಪು ಛಾಯೆಯ ಹಸಿರು ಶಿಲೆ ಸುಮಾರು 82 ಕಿಲೋ ತೂಗುತ್ತದೆ. ನೆಲದಡಿಯಲ್ಲಿ ಭಾರವಾದ ಕಲ್ಲು ಇದ್ದಲ್ಲಿ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚು. ಹಗುರವಾದ ಶಿಥಿಲ ಕಲ್ಲು ದಪ್ಪವಾಗಿ ತುಂಬಿದ್ದಲ್ಲಿ ಅಷ್ಟೇ ಕಡಿಮೆ.

ಅಂಗಡಿಯ ತಕ್ಕಡಿಯಿಂದ ಈ ಕೆಲಸವಾಗದು. ಸೆಳೆತ ಹೆಚ್ಚಿದಲ್ಲಿ ತೂಗುವ ವಸ್ತುವಿನ ಹಾಗೆ ತೂಕದ ಬಟ್ಟೂ ಭಾರವಾಗುತ್ತದೆ, ಮುಳ್ಳು ಅಲುಗುವುದಿಲ್ಲ. ಆದ್ದರಿಂದ ಸ್ಪ್ರಿಂಗಿಗೆ ತೂಗುಹಾಕಿದ ಒಂದು ಸಣ್ಣ ತೂಕವನ್ನು ಪೆಟ್ಟಿಗೆಯೊಳಗಿಟ್ಟು, ಸ್ಪ್ರಿಂಗು ಎಷ್ಟು ಜಗ್ಗಿತೆಂದು ನೋಡುತ್ತಾರೆ. ಒಳ್ಳೆಯ ಯಂತ್ರವು 10 ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ ತೋರಿಸುತ್ತದೆ. ಸಮನೆಲದಿಂದ ಒಂದು ಮೀಟರು ಮೇಲೆ ಹೋದರೂ ಸೆಳೆತ ಕೋಟಿಯಲ್ಲಿ ಮೂರು ಪಾಲು ತಗ್ಗುತ್ತದೆ. ಹೀಗಿರುವುದರಿಂದ ಅಳೆಯುವವರು ಪ್ರತಿ ಸ್ಥಳದ ಎತ್ತರವನ್ನು ಬಹಳ ನಿಖರವಾಗಿ ಗುರುತಿಸಿ ಗೂಟ ನೆಡುತ್ತಾರೆ, ಹತ್ತಿರದ ಗುಡ್ಡವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಗೂಟವನ್ನು ದನ ಕಟ್ಟಲು ಕಿತ್ತರೆ ಒಂದು ದಿನದ ಕೆಲಸವೇ ಹಾಳು.

ಈ ವಿಧಾನ ದೊಡ್ಡ ಪ್ರದೇಶಕ್ಕೆ ಚೆನ್ನಾಗಿ ಒಗ್ಗುತ್ತದೆ. ಗದಗದ ಕಡೆಯಿಂದ ಚಿತ್ರದುರ್ಗದ ಮೂಲಕ ದಕ್ಷಿಣಕ್ಕೆ ಹಬ್ಬಿರುವ ಧಾರವಾಡ ಶಿಲೆಗಳ ಪಟ್ಟಿ ಅಕ್ಕಪಕ್ಕದ ಕಲ್ಲಿಗಿಂತ ಭಾರ. ಸೆಳೆತದ ನಕ್ಷೆಯಲ್ಲಿ ಅದು ಎದ್ದು ಕಾಣುತ್ತದೆ. ಪಟ್ಟಿ ಎಷ್ಟು ಆಳಕ್ಕೆ ಇಳಿದಿದೆಯೆಂದು ಅಂದಾಜು ಮಾಡಲೂ ನೆರವಾಗುತ್ತದೆ. ಒಬ್ಬ ರೈತನ ಎರಡೆಕರೆ ಹೊಲದಲ್ಲಿ ಒಂದು ಬೋರಿನ ಜಾಗ ಗೊತ್ತುಮಾಡಲು ಮಾತ್ರ ಇದು ದುಬಾರಿಯಾದ ದಾರಿ.

ಕಾಂತಬಲದಿಂದ ತಿಳಿಯುವುದು

ಮಳೆ ನಿಂತ ಮೇಲೆ ಹಳ್ಳದ ಮರಳಿನಲ್ಲಿ ಮಕ್ಕಳು ಸೂಜಿಗಲ್ಲು ಆಡಿಸುವುದನ್ನು ನೋಡಿದ್ದೀರಿ. ಕಪ್ಪು ಮರಳಿನ ಕಣಗಳು ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಆ ಕಣಗಳಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವಿದೆ. ಕಲ್ಲಿನಲ್ಲಿ ಈ ಖನಿಜ ಹೆಚ್ಚಿದ್ದರೆ ಅದರ ಸುತ್ತ ಭೂಮಿಯ ಕಾಂತಬಲ ಏರುಪೇರಾಗುತ್ತದೆ. ನಮ್ಮ ಸೀಮೆಯಲ್ಲಿ ಆ ಬಲ ಸುಮಾರು 40,000 ನ್ಯಾನೋಟೆಸ್ಲಾ. ಕೆಲವು ನೂರು ಮಾನ ಹೆಚ್ಚು ಕಡಿಮೆಯಾದರೂ ಯಂತ್ರಕ್ಕೆ ಸುಲಭವಾಗಿ ತಿಳಿಯುತ್ತದೆ.

ಇದು ನಮಗೆ ಉಪಯೋಗಕ್ಕೆ ಬರುವುದು ಹೇಗೆ? ಹೊಲಗಳ ನಡುವೆ ಉರುಟಾದ ಕರಿಕಲ್ಲಿನ ಗುಂಡುಗಳು ಸಾಲಾಗಿ ದೂರದವರೆಗೆ ಹೋಗಿರುವುದನ್ನು ನೀವು ಕಂಡಿರಬೇಕು. ಅದು ಡೈಕು. ಪೂರ್ವಕಾಲದಲ್ಲಿ ಕರಗಿದ ಕಲ್ಲು ಬಿರುಕಿನಲ್ಲಿ ಮೇಲೇರಿ ಅಲ್ಲಿಯೇ ಗಟ್ಟಿಯಾಗಿ ನಿಂತ ಗೋಡೆ. ಬೆಂಗಳೂರಿನ ಸುತ್ತಲಿನ ಕೆಲವು ಡೈಕುಗಳಿಗೆ ಸುಮಾರು 237 ಕೋಟಿ ವರ್ಷ ವಯಸ್ಸಾಗಿದೆ. ಬಿರುಕಿಲ್ಲದ ಡೈಕು ನೆಲದೊಳಗಿನ ಒಡ್ಡಿನಂತೆ ಕೆಲಸ ಮಾಡುತ್ತದೆ. ಮೇಲಿನ ಇಳಿಜಾರಿನಿಂದ ಬರುವ ಅಂತರ್ಜಲ ಅದಕ್ಕೆ ತಡೆದು ನಿಲ್ಲುತ್ತದೆ. ಒಡ್ಡಿನ ಮೇಲ್ಗಡೆಯ ಬಾವಿಯಲ್ಲಿ ನೀರು, ಕೆಳಗಡೆಯ ಬಾವಿ ಬರಿದು. ಎರಡಕ್ಕೂ ನೂರು ಹೆಜ್ಜೆಯ ಅಂತರವೂ ಇರಲಾರದು. ಡೈಕಿನ ಅಂಚಿನಲ್ಲಿ ಕಲ್ಲು ಒಡೆದಿದ್ದರೆ ಅಲ್ಲಿಯೂ ನೀರು ಸಿಗುವುದುಂಟು. ಡೈಕೇ ಬಿರುಕು ಬಿಟ್ಟಿದ್ದರೆ ಅದು ನೀರನ್ನು ತಡೆಯದು.

ಮಣ್ಣು ಮುಚ್ಚಿ ಕಣ್ಣಿಗೆ ಕಾಣದ ಡೈಕನ್ನು ಕಾಂತಮಾಪಕ ಪತ್ತೆಮಾಡುತ್ತದೆ. ಹೊಲಕ್ಕೆ ಅಡ್ಡಲಾಗಿ ನೇರ ಗೆರೆಯಲ್ಲಿ ನಡೆಯುತ್ತ, ಹತ್ತಾರು ಅಡಿಗೊಮ್ಮೆ ನಿಂತು ಅಳೆಯುತ್ತಾರೆ. ಇಂಥ ಹಲವು ಗೆರೆಗಳ ಮೇಲೆ ಏರುಪೇರು ಕಂಡ ಸ್ಥಳಗಳನ್ನು ಕೂಡಿಸಿದರೆ ಡೈಕಿನ ಜಾಡು ದೊರೆಯುತ್ತದೆ. ಒಂದು ಎಚ್ಚರಿಕೆ ಬೇಕು. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಬಲ ಹೆಚ್ಚು ಕಡಿಮೆ ನೆಲಕ್ಕೆ ಮಲಗಿದಂತೆ ಉತ್ತರಾಭಿಮುಖವಾಗಿ ಹರಿದಿದೆ. ಆದಕಾರಣ ಪೂರ್ವ-ಪಶ್ಚಿಮವಾಗಿ ಹಬ್ಬಿದ ಡೈಕು ಚೆನ್ನಾಗಿ ಗೋಚರಿಸುತ್ತದೆ. ಉತ್ತರ-ದಕ್ಷಿಣವಾಗಿ ಹಬ್ಬಿದ್ದು ಮಸುಕಾಗಿ ಕಾಣುತ್ತದೆ. ಯಂತ್ರ ಏನೂ ತೋರಲಿಲ್ಲವೆಂದ ಮಾತ್ರಕ್ಕೆ ಡೈಕು ಇಲ್ಲವೆಂದಲ್ಲ.

ಈ ಯಂತ್ರ ಕಬ್ಬಿಣಕ್ಕೆ ಎಷ್ಟು ಬೆದರುತ್ತದೆಂಬುದಕ್ಕೆ ಒಂದು ನಿದರ್ಶನ. ಮುಂಬಯಿಯ ಕುಲಾಬಾದಲ್ಲಿ 1841ರಿಂದ ಕಾಂತಬಲವನ್ನು ಅಳೆಯುತ್ತಿದ್ದರು. ಪಟ್ಟಣಕ್ಕೆ ವಿದ್ಯುತ್ ಟ್ರಾಂ ಬರುವುದೆಂದಾಗ ಅಳತೆ ಕೆಡುವುದೆಂದು ತಿಳಿದು, 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ಆರಂಭಿಸಿದರು. ಹಾಗಿರುವಾಗ ನಿಮ್ಮ ಕುಡುಗೋಲು, ಸೈಕಲ್ಲು, ಪಂಪ್‌ಸೆಟ್ಟು, ತಂತಿಬೇಲಿ ಎಲ್ಲವೂ ಅದನ್ನು ದಾರಿ ತಪ್ಪಿಸುತ್ತವೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ರಷ್ಯದ ಕೂರ್ಸ್ಕ್ ಪ್ರಾಂತದ ಕಥೆ ಕೇಳಿ. ಅಲ್ಲಿ ದಿಕ್ಸೂಚಿಯ ಮುಳ್ಳು ವಿಚಿತ್ರವಾಗಿ ತಿರುಗುವುದನ್ನು 1773ರಲ್ಲಿಯೇ ಗಮನಿಸಿದ್ದರು. ಅದೂ ಬೇಸಾಯದ ಸೀಮೆಯೇ. 1890ರ ದಶಕದ ಕೊನೆಯಲ್ಲಿ ಮಾಸ್ಕೋದ ಪ್ರಾಧ್ಯಾಪಕ ಲೇಸ್ಟ್ ಎಂಬುವರು ಆ ನೆಲವನ್ನು ಅಳೆದು, ಕೆಳಗೆ ಕಬ್ಬಿಣದ ಅದಿರಿದೆ ಎಂದರು. ಸ್ಥಳೀಯ ಬೋರ್ಡಿನವರು ಹಣ ಹಾಕಿ ಕೊರೆಸಿದರು, ಅದಿರು ಸಿಗಲಿಲ್ಲ. ಜನರ ನಂಬಿಕೆ ಹೋಯಿತು, ಹಣವೂ ನಿಂತಿತು. ಲೇಸ್ಟ್ ಕೈಬಿಡದೆ ವರ್ಷಗಟ್ಟಲೆ ಅಳೆಯುತ್ತ ಹೋದರು, 1918ರಲ್ಲಿ ತೀರಿಕೊಂಡರು. 1923ರಲ್ಲಿ ಮತ್ತೆ ಕೊರೆದಾಗ 167 ಮೀಟರು ಆಳದಲ್ಲಿ ಅದಿರು ಸಿಕ್ಕಿತು. ಇಂದು ಅದು ಜಗತ್ತಿನ ಅತಿ ದೊಡ್ಡ ಕಬ್ಬಿಣದ ನಿಕ್ಷೇಪಗಳಲ್ಲಿ ಒಂದು.

ಯಂತ್ರ ಸುಳ್ಳಾಡಿರಲಿಲ್ಲ. ಆದರೆ ಆಳದಲ್ಲಿರುವ ದೊಡ್ಡ ಕಲ್ಲೂ ಮೇಲಿರುವ ಸಣ್ಣ ಕಲ್ಲೂ ಹೆಚ್ಚು ಕಡಿಮೆ ಒಂದೇ ಗುರುತು ಕೊಡಬಲ್ಲವು. ಆದ್ದರಿಂದಲೇ ಬಲ್ಲವರು ಒಂದೇ ಯಂತ್ರವನ್ನು ನೆಚ್ಚುವುದಿಲ್ಲ. ನೆಲಕ್ಕೆ ವಿದ್ಯುತ್ ಹರಿಸಿ ನೋಡುವ ಪರೀಕ್ಷೆಯನ್ನೂ ಸುತ್ತಲಿನ ಬಾವಿಗಳ ಅನುಭವವನ್ನೂ ಅದರೊಡನೆ ಸೇರಿಸುತ್ತಾರೆ. ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದಲ್ಲಿ 2010ರ ದಶಕದಲ್ಲಿ ಹೆಲಿಕಾಪ್ಟರಿನಿಂದಲೂ ಅಂತರ್ಜಲದ ನೆಲೆಯನ್ನು ಪರೀಕ್ಷಿಸಿದರು. ಅಲ್ಲಿಯೂ ನೆಲದ ಮೇಲಿನ ಪರೀಕ್ಷೆ, ಬಾವಿಗಳ ವಿವರ ಬೇಕೇ ಆದವು.

ನೀವು ಮಾಡಬೇಕಾದ್ದು

1. ಅಳೆಯುವವರು ಊರಿಗೆ ಬಂದರೆ ಹೊಲದೊಳಗೆ ನಡೆಯಲು ಬಿಡಿ. ಅವರ ಗೂಟಗಳನ್ನು ಕೀಳಬೇಡಿ. ಕಬ್ಬಿಣದ ಸಾಮಾನು ಹಿಡಿದು ಹತ್ತಿರ ನಿಲ್ಲಬೇಡಿ.

2. ಊರಿನಲ್ಲಿ ಕರಿಕಲ್ಲಿನ ಸಾಲು ಎಲ್ಲೆಲ್ಲಿದೆ, ಯಾವ ಬಾವಿ ಬೇಸಿಗೆಯಲ್ಲಿ ಬತ್ತುವುದಿಲ್ಲ ಎಂಬುದನ್ನು ಅವರಿಗೆ ಹೇಳಿ. ಇದನ್ನು ನಿಮ್ಮ ಹಿರಿಯರು ಬಲ್ಲಷ್ಟು ಯಾವ ಯಂತ್ರವೂ ತಿಳಿಯದು.

3. ಬೋರು ಕೊರೆಯುವಾಗ ಇಷ್ಟಿಷ್ಟು ಅಡಿಗೆ ಬಂದ ಕಲ್ಲಿನ ಪುಡಿಯ ಬಣ್ಣವನ್ನು, ನೀರು ಕಂಡ ಆಳವನ್ನು ಬರೆದಿಡಿ. ಶಾಲೆಗೆ ಹೋಗುವ ಮಗನೋ ಮಗಳೋ ಈ ಕೆಲಸ ಮಾಡಬಲ್ಲರು. ಬೋರು ಬರಿದಾದರೂ ಬರೆಯಿರಿ. ಈ ಲೆಕ್ಕವನ್ನು ಪಂಚಾಯತಿಯಲ್ಲಿ ಒಂದೆಡೆ ಇಟ್ಟರೆ ಊರಿಗೆಲ್ಲ ಆಗುತ್ತದೆ.

4. ಜಾಗ ತೋರಿಸುವವರನ್ನು ಕೇಳಿ: ಇಲ್ಲಿ ಯಾವ ಕಲ್ಲಿದೆ? ಡೈಕು ಯಾವ ಕಡೆಗೆ ಹೋಗಿದೆ? ನಾವು ಅದರ ಮೇಲ್ಗಡೆ ಇದ್ದೇವೆಯೋ ಕೆಳಗಡೆಯೋ? ಉತ್ತರ ಹೇಳಲಾರದವರ ಮಾತಿಗೆ ಸಾಲ ಮಾಡಬೇಡಿ.

ಒಬ್ಬನ ಹೊಲದಲ್ಲಿ ಬರಿದಾದ ಬೋರು ಅವನಿಗೆ ನಷ್ಟವೇ ನಿಜ. ಆದರೆ ಅದರ ವಿವರ ಬರೆದಿಟ್ಟಿದ್ದರೆ ನೆರೆಯವನ ಸಾಲ ಉಳಿದೀತು. ನೆಲದೊಳಗಿನ ಡೈಕಿಗೆ ನಮ್ಮ ಹೊಲದ ಬದುಗಳು ಗೊತ್ತಿಲ್ಲ; ಅದು ಎಲ್ಲರ ಹೊಲದಡಿಯಲ್ಲಿಯೂ ಹಾಯ್ದು ಹೋಗಿದೆ. ಅದನ್ನು ತಿಳಿಯುವ ಕೆಲಸವನ್ನೂ ನಾವು ಊರೆಲ್ಲ ಕೂಡಿಯೇ ಮಾಡಬೇಕು.