ವಿಜ್ಞಾನ ದಾಸೋಹ



ವೇದಗಂಗಾ, ದೂಧಗಂಗಾ ನದಿಗಳು ಕೂಡುವ ಊರು ನಿಮ್ಮ ಭೋಜ. ಕೂಡಿದ ನೀರು ಮುಂದೆ ಸಾಗಿ ಕೃಷ್ಣೆಯನ್ನು ಸೇರುತ್ತದೆ. ಮಕ್ಕಳ ವಿದ್ಯೆಗೂ ಇಂಥದೊಂದು ಕೂಟ ಬೇಕೆಂಬ ಮಾತನ್ನು ಇಂದು ಹೇಳಬಯಸುತ್ತೇವೆ.

ತರ್ಕಶಾಸ್ತ್ರವು ಪ್ರಮಾಣಗಳನ್ನು ಎಣಿಸುವಾಗ ಮೊದಲು ಹೇಳುವುದು ಪ್ರತ್ಯಕ್ಷವನ್ನು. ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ತಿಳಿದದ್ದೇ ಪ್ರತ್ಯಕ್ಷ. ವಿಜ್ಞಾನ ನಿಂತಿರುವುದು ಅದರ ಮೇಲೆ. ಪ್ರಯೋಗ ಮಾಡದೆ ಬಾಯಿಪಾಠ ಒಪ್ಪಿಸುವ ಮಗುವಿಗೆ ಅದು ಬರಿಯ ಶಬ್ದ. ಸಕ್ಕರೆಯೆಂದು ನೂರು ಸಲ ಬರೆದರೆ ನಾಲಗೆ ಸಿಹಿಯಾದೀತೇ?

ಗಾಣದ ಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಏಕೆ ಹಾಕುತ್ತಾರೆ? ಆ ಹಾಲಿನಲ್ಲಿ ಆಮ್ಲವಿದೆ, ಸುಣ್ಣ ಕ್ಷಾರ. ಎರಡೂ ಕೂಡಿದಾಗ ಹುಳಿ ಅಡಗಿ ಕಶ್ಮಲ ಬೇರೆಯಾಗುತ್ತದೆ. ಕಾರ್ಖಾನೆಯಲ್ಲಿ ಮುಚ್ಚಿದ ಪಾತ್ರೆಯೊಳಗಿನ ಒತ್ತಡವನ್ನು ಇಳಿಸಿ ರಸವನ್ನು ಕುದಿಸುತ್ತಾರೆ. ಆಗ ಕಡಿಮೆ ಉಷ್ಣದಲ್ಲಿಯೇ ಅದು ಕುದಿಯುವುದರಿಂದ ಸಕ್ಕರೆ ಕರಕಾಗುವುದಿಲ್ಲ. ಪಠ್ಯಪುಸ್ತಕದ ಎರಡು ಪಾಠಗಳು ನಿಮ್ಮ ಕಬ್ಬಿನಲ್ಲಿಯೇ ಇವೆ. ಕಾರ್ಖಾನೆಯಲ್ಲಿ ರಸಾಯನಶಾಸ್ತ್ರ ಬಲ್ಲವರಿದ್ದಾರೆ; ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ; ಊರಿನಲ್ಲಿ ಶಾಲೆಯಿದೆ. ಈ ಮೂರೂ ಕೂಡದಿದ್ದರೆ ಮಗುವಿಗೆ ಫಲವೇನು?

ಕೂಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಉದ್ಯಮಿ ಜಮಶೇಟಜಿ ಟಾಟಾ ಅವರು ವಿಜ್ಞಾನದ ಉನ್ನತ ವಿದ್ಯೆಗಾಗಿ ತಮ್ಮ ಸಂಪತ್ತನ್ನು ಮೀಸಲಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಟಾಟಾ ಅವರು 1904ರಲ್ಲಿಯೇ ಕಾಲವಾಗಿದ್ದರು. ಫಲವನ್ನು ಕಣ್ಣಿಂದ ಕಾಣಲಿಲ್ಲ. ಅದೇ ಸಂಸ್ಥೆ 2011ರಿಂದ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಶಾಲಾ ಶಿಕ್ಷಕರಿಂದಲೇ ಪ್ರಯೋಗ ಮಾಡಿಸಿ ತರಬೇತಿ ಕೊಡುತ್ತ ಬಂದಿದೆ. ನಮ್ಮ ಸೀಮೆಯ ಸಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟುದನ್ನು ನೀವೆಲ್ಲ ಬಲ್ಲಿರಿ.

2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ವಿದ್ಯೆಯೇ ಮೊದಲಾದ ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಸಹಕಾರಿ ಕಾರ್ಖಾನೆಗಳಿಗೆ ಆ ಕಟ್ಟಳೆ ಇಲ್ಲ. ಅಲ್ಲಿ ಸದಸ್ಯರಾದ ನಿಮ್ಮ ಮನಸ್ಸೇ ಕಾಯಿದೆ. ವಾರ್ಷಿಕ ಸಭೆಯಲ್ಲಿ ಕಬ್ಬಿನ ದರವನ್ನು ಕೇಳುತ್ತೀರಿ, ಕೇಳಲೇಬೇಕು. ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿರಿ: ತಿಂಗಳಿಗೊಂದು ದಿನ ನಿಮ್ಮ ರಸಾಯನತಜ್ಞರನ್ನು ಶಾಲೆಗೆ ಕಳಿಸುವಿರಾ? ಗಾಜಿನ ಸಾಮಾನು ಒಡೆದರೆ ವರ್ಷವರ್ಷವೂ ಹೊಸತನ್ನು ಕೊಡಿಸುವಿರಾ? ವಿಶ್ವವಿದ್ಯಾಲಯದವರನ್ನೂ ಕರೆಯಿರಿ, ಅವರು ಬಂದು ನಿಮ್ಮ ಶಿಕ್ಷಕರ ಜೊತೆ ಕುಳಿತು ಪ್ರಯೋಗ ಮಾಡಲಿ.

ಕೋಣೆ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೆತ್ತಿಸಿದರೆ ದಾಸೋಹ ಮುಗಿಯಲಿಲ್ಲ. ಬೀಗ ಹಾಕಿದ ಪ್ರಯೋಗಶಾಲೆ ಉಣಬಡಿಸದ ಅಡುಗೆಯಿದ್ದಂತೆ. ಕೊಟ್ಟವನು ಯಜಮಾನನೆನ್ನಿಸಿಕೊಳ್ಳಬಾರದು, ಶಾಲೆಯಲ್ಲಿ ಶಿಕ್ಷಕನೇ ಯಜಮಾನ, ಮಗುವೇ ಅತಿಥಿ. ಆ ಅತಿಥಿ ಹಸಿದು ಹೋಗದಂತೆ ನೋಡಿಕೊಳ್ಳುವುದು ನಿಮ್ಮೆಲ್ಲರ ಭಾರ.