ಚಕ್ರ ಹೆಚ್ಚಾದರೆ ಮಾನ ಕಡಿಮೆಯಾಗುವುದಿಲ್ಲ

(ಸಂತೆಗುಳಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಬೈಕಿನಿಂದ ಬಿದ್ದು ಕಾಲಿನ ಶಕ್ತಿ ಕಳೆದುಕೊಂಡವರು ನಮ್ಮ ಮನೆಗಳಲ್ಲೂ ಇದ್ದಾರೆ. ಸೈಡ್ ವೀಲ್ ಹಾಕಿದ ಸ್ಕೂಟರ್ ಓಡಿಸಬಹುದು ಅಂದರೂ, 'ಜನ ಏನಂತಾರೋ' ಎಂದು ಜಗಲಿ ಬಿಟ್ಟು ಇಳಿಯುವುದಿಲ್ಲ. ಅವರಿಗೆ ಧೈರ್ಯ ತುಂಬುವವರು ನಾವೇ ಅಲ್ಲವೇ?

ಆದರೆ ಒಂದು ಮಾತು ನೆನಪಿರಲಿ. ತಿರುವಿನಲ್ಲಿ ಬೈಕು ವಾಲುತ್ತದೆ, ಇದು ವಾಲುವುದಿಲ್ಲ. ಜೋರಾಗಿ ತಿರುಗಿಸಿದರೆ ಒಳಬದಿಯ ಚಕ್ರ ಮೇಲೆದ್ದು ಗಾಡಿ ಮಗುಚೀತು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಗಾಡಿಯ ಅಗಲವೂ ಹೆಚ್ಚು. ಡಾಂಬರಿನ ಅಂಚಿಗೆ ಹೋಗಬಾರದು. ಮೊದಲು ಖಾಲಿ ಮೈದಾನದಲ್ಲಿ ಕಲಿಯಲಿ.

ಚಕ್ರ ಜೋಡಿಸುವ ಮುಂಚೆ ಹೊನ್ನಾವರದ ಆರ್‌ಟಿಓ ಕಚೇರಿಯಲ್ಲಿ ಒಪ್ಪಿಗೆ ಪಡೆಯಿರಿ. ಆರ್‌ಸಿಯಲ್ಲಿ ಬರೆಸಿ, ತಕ್ಕ ಲೈಸೆನ್ಸ್ ಮಾಡಿಸಿ.

ಮದುವೆಗೆ ಸಂಘದ ಸಾಲ ಕೊಡುತ್ತೇವೆ. ಇದಕ್ಕೂ ಕೊಡೋಣ. ತಾನೇ ಪೇಟೆಗೆ ಹೋಗಿ ಬಂದವರ ಮುಖ ಒಮ್ಮೆ ನೋಡಿ!